ಬಾಣಂತಿ ಕೋಣೆಗೆ ಲಸಿಕೆ ಚೀಟಿ

ಶಿಡ್ಲಘಟ್ಟದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಲಸಿಕೆ ಹಾಕುವ ನರ್ಸು ನಾನು. ಹದಿನೆಂಟು ವರ್ಷವಾಯಿತು. ವಾರಕ್ಕೊಂದಾದರೂ ಮುಂದೆ ಹೇಳುವಂಥ ಪ್ರಸಂಗ ನಡೆಯದಿದ್ದರೆ, ಫ್ರಿಜ್ಜು ಕೆಟ್ಟಿದೆಯೇನೋ ಎಂದು ಬಾಗಿಲು ತೆಗೆದು ನೋಡುತ್ತೇನೆ. ಫ್ರಿಜ್ಜು ಇದುವರೆಗೆ ಕೆಟ್ಟಿಲ್ಲ.

ಬೋರ್ಡು

ಯಾರಿಗೆ ಯಾವ ಲಸಿಕೆ ಬೇಕು ಎಂದು ದಿನವೂ ಹೇಳಿ ಹೇಳಿ ಗಂಟಲು ಬಿದ್ದುಹೋದ ಮೇಲೆ, ನಮ್ಮ ಡಾಕ್ಟರಮ್ಮ ಗೋಡೆಗೊಂದು ಬೋರ್ಡು ಹಾಕಿಸಿದರು. ಬರೆದವಳು ನಾನೇ. ಹುಟ್ಟಿದ ಮಗುವಿಗೆ ಬಿಸಿಜಿ, ಪೋಲಿಯೊ, ಕಾಮಾಲೆಯದು. ಆರು ವಾರ ತುಂಬಿದ ಮೇಲೆ ಮುಂದಿನವು. ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವುದು. ಬಸುರಿಯರಿಗೆ ಧನುರ್ವಾಯು ಮತ್ತು ಫ್ಲೂ. ವಯಸ್ಸಾದವರಿಗೆ, ದಮ್ಮು ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ ಫ್ಲೂ ಮತ್ತು ನ್ಯುಮೋನಿಯಾ. ನಾಯಿ ಕಚ್ಚಿದವರು ಇದನ್ನೆಲ್ಲ ಓದುತ್ತ ನಿಲ್ಲದೆ ನೇರ ಒಳಗೆ ಬರುವುದು.

ಕೊನೆಗೆ ಜಾಗ ಸಾಲದೆ, ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ತುರುಕಿದೆ: 'ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೊಮ್ಮೆ ಫ್ಲೂ.' ಅದನ್ನು ಓದಬೇಕಾದರೆ ಬಗ್ಗಬೇಕು. ಯಾರೂ ಬಗ್ಗಲಿಲ್ಲ.

ಬೋರ್ಡು ಹಾಕಿದ ಮಾರನೆಯ ದಿನ ಒಬ್ಬ ಯಜಮಾನರು ಬಂದು, ಕೈ ಹಿಂದೆ ಕಟ್ಟಿಕೊಂಡು, ಮೇಲಿನಿಂದ ಕೆಳಗಿನವರೆಗೆ ಸಾವಧಾನವಾಗಿ ಓದಿದರು. ಆಮೇಲೆ ಕುರ್ಚಿ ಎಳೆದು ಕೂತು ಕೇಳಿದರು:

"ಇದರಲ್ಲಿ ಇವತ್ತು ಹೊಸದಾಗಿ ಬಂದಿರೋದು ಯಾವುದಮ್ಮ?"

"ಫ್ಲೂದು ಬಂದಿದೆ. ಪ್ರತಿ ವರ್ಷ ಹೊಸದೇ ಬರುತ್ತೆ."

"ಹಾಗಾದ್ರೆ ಅದೇ ಒಂದು," ಎಂದವರು, ಬಾಗಿಲ ಬಳಿ ನಿಂತಿದ್ದ ಹೆಂಡತಿಯತ್ತ ತಿರುಗಿದರು. "ನಿನಗೇನು ಹೇಳಲಿ?"

ಚೆನ್ನಾಗಿರೋರಿಗೆ ಸೂಜಿ

ನಮ್ಮ ಕಡೆಯ ಜನಕ್ಕೆ ಸೂಜಿಯ ಭಯ ಇಲ್ಲ. ಜ್ವರಕ್ಕೆ ಮಾತ್ರೆ ಬರೆದುಕೊಟ್ಟರೆ ಅವಮಾನವಾದಂತೆ ಮುಖ ಮಾಡುತ್ತಾರೆ. "ಇಷ್ಟು ದೂರ ಬಸ್ಸಲ್ಲಿ ಬಂದಿದ್ದೀವಿ, ಒಂದು ಇಂಜೆಕ್ಷನ್ನೂ ಇಲ್ವಾ?" ಎಂದು ಕೇಳುತ್ತಾರೆ. ಆದರೆ ಏನೂ ಆಗದಿರುವಾಗ ಚುಚ್ಚುತ್ತೇನೆ ಎಂದರೆ, ನನ್ನ ತಲೆ ನೆಟ್ಟಗಿದೆಯೇ ಎಂದು ಡಾಕ್ಟರಮ್ಮನನ್ನು ವಿಚಾರಿಸುತ್ತಾರೆ.

ಈ ಪಕ್ಷದ ಮುಖಂಡರೆಂದರೆ ಮೇಲೂರಿನ ಒಬ್ಬ ತಾತ. ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಮನೆ. ವಯಸ್ಸಿನಲ್ಲಿದ್ದಾಗ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಯ ಹೊಗೆಯಲ್ಲಿ ಬಹಳ ವರ್ಷ ದುಡಿದಿದ್ದರಿಂದ ಒಂದು ಕೆಮ್ಮು ಅವರ ಜೊತೆಗೇ ಉಳಿದುಬಿಟ್ಟಿತ್ತು. ಈ ವರ್ಷ ಅವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ತೋರಿಸಲು ತಾತ, ಅಜ್ಜಿ ಇಬ್ಬರೂ ಕರೆತಂದರು. ನಾನು ಮಗಳಿಗೆ ಹಾಕಬೇಕಾದ್ದನ್ನು ಹಾಕಿದೆ. ಅಷ್ಟರಲ್ಲಿ ತಾತ ಕೆಮ್ಮಿದರು.

ಡಾಕ್ಟರಮ್ಮ ಅವರ ಎದೆಗೆ ಸ್ಟೆತಾಸ್ಕೋಪು ಇಟ್ಟರು, ಕಫದ ಪರೀಕ್ಷೆ ಮಾಡಿಸಿದರು. ಅಂಟುವ ಕೆಮ್ಮಲ್ಲ, ಹಳೆಯ ಹೊಗೆಯ ಕೆಮ್ಮು ಎಂದು ಖಚಿತವಾಯಿತು. "ಆದ್ರೂ ನಿಮ್ಮ ಎದೆ ಗಟ್ಟಿಯಿಲ್ಲ. ಮನೆಗೆ ಹಸುಗೂಸು ಬರುತ್ತೆ. ಫ್ಲೂದು, ನ್ಯುಮೋನಿಯಾದು ಎರಡೂ ಹಾಕಿಸ್ಕೊಂಡುಬಿಡಿ," ಎಂದರು.

ತಾತ ಮಗಳನ್ನು ನೋಡಿದರು, ನನ್ನ ಕೈಯ ಸೂಜಿ ನೋಡಿದರು.

"ಹೆರೋಳು ಅವಳು. ಸೂಜಿ ನನಗಾ?"

ಅಜ್ಜಿ ಸೆರಗು ಸರಿಸಿ ತೋಳು ಮುಂದೆ ಮಾಡಿ, "ನನಗೆ ಫ್ಲೂದು ಹಾಕಮ್ಮ," ಎಂದರು. ಹಾಕಿದೆ. ತಾತ ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿದ್ದರು.

ಪಾಲು

ಸೂಜಿಯ ವಿಷಯದಲ್ಲಿ ನ್ಯಾಯ ಕೇಳುವವರು ಅವರೊಬ್ಬರೇ ಅಲ್ಲ. ಕಳವಾರದ ಕಡೆಯ ಒಬ್ಬರಿಗೆ ಪಕ್ಕದ ಮನೆಯ ನಾಯಿ ಕಚ್ಚಿತು. ಐದು ಸಲ ಬರಬೇಕು, ಒಂದೂ ತಪ್ಪಿಸುವ ಹಾಗಿಲ್ಲ ಎಂದೆ. ತಪ್ಪಿಸಲಿಲ್ಲ. ಎರಡು ಮುಗಿದವು. ಮೂರನೆಯ ಸಲ ಇನ್ನೊಬ್ಬ ಮನುಷ್ಯನ ರಟ್ಟೆ ಹಿಡಿದು ಕರೆತಂದರು.

"ಇವರಿಗೂ ಕಚ್ಚಿತಾ?" ಎಂದೆ.

"ಇಲ್ಲಮ್ಮ. ನಾಯಿ ಇವರದು. ನಾನು ಎರಡು ಹಾಕಿಸ್ಕೊಂಡಿದ್ದೀನಿ, ಇನ್ನು ಮೂರು ಇವರಿಗೆ ಹಾಕಿ."

ಪಕ್ಕದ ಮನೆಯವರು ಒಳ್ಳೆಯ ಜನ. "ಮೂರು ಜಾಸ್ತಿ ಆಯ್ತು," ಎಂದು ಮಾತ್ರ ಹೇಳಿದರು. "ಎರಡಕ್ಕೆ ಒಪ್ಕೋತೀನಿ."

ಟೈಫಾಯ್ಡ್

ಚಿಕ್ಕಬಳ್ಳಾಪುರದಿಂದ ಒಬ್ಬರು ಸಂಬಂಧಿಕರ ಮನೆಗೆ ಬಂದವರು ಹಾಗೇ ಕ್ಲಿನಿಕ್ಕಿಗೂ ಬಂದರು. ಬೋರ್ಡಿನಲ್ಲಿ ಟೈಫಾಯ್ಡ್ ಇಲ್ಲವಲ್ಲ ಎಂದು ಕೇಳಿದರು. ಬೋರ್ಡಿನಲ್ಲಿ ಜಾಗ ಇಲ್ಲ, ಫ್ರಿಜ್ಜಿನಲ್ಲಿ ಇದೆ ಎಂದೆ.

"ಯಾರಿಗೆ ಹಾಕೋದು ಅದು?"

"ಮಕ್ಕಳಿಗೆ ಹಾಕ್ತೀವಿ. ಬೀದಿ ಬದಿ ತಿನ್ನೋ ದೊಡ್ಡವರೂ ಹಾಕಿಸ್ಕೊಂಡ್ರೆ ಒಳ್ಳೇದು."

"ನಾನು ಬೀದೀಲಿ ಒಂದು ತುತ್ತೂ ತಿನ್ನಲ್ಲ."

"ಒಳ್ಳೇ ಅಭ್ಯಾಸ. ಏನು ಕೆಲಸ ಮಾಡ್ತೀರಿ?"

"ಪಾನಿಪುರಿ ಗಾಡಿ," ಎಂದರು.

ಮೊದಲು ಅವರಿಗೇ ಹಾಕಿದೆ.

ಹುಳುಮನೆಯ ಕಾನೂನು

ಮೇಲೂರಿನ ಮಗಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು. ಎರಡು ಕೆಜಿಗೆ ಸ್ವಲ್ಪ ಕಡಿಮೆ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಮನೆಗೆ ಕಳಿಸಿದರು. ಡಾಕ್ಟರಮ್ಮ ಅಜ್ಜಿಯನ್ನು ಕೂರಿಸಿಕೊಂಡು ಹೇಳಿದರು: ನೆಗಡಿ ಕೆಮ್ಮು ಇದ್ದವರು ಹತ್ತಿರ ಬರಬಾರದು, ಕೈ ತೊಳೆಯದೆ ಯಾರೂ ಮುಟ್ಟಬಾರದು, ಎತ್ತಿ ಆಡಿಸುವವರು ಫ್ಲೂ ಲಸಿಕೆ ಹಾಕಿಸಿಕೊಂಡಿದ್ದರೆ ಒಳ್ಳೆಯದು.

ಅಜ್ಜಿ ಇನ್ನೂ ಏನೋ ಬರಬಹುದೆಂದು ಕಾದರು. "ಇಷ್ಟೇನಾ? ಮೊಟ್ಟೆಯಿಂದ ಆಗತಾನೇ ಎದ್ದ ಹುಳು, ಕೂದಲೆಳೆ ಹಾಗಿರುತ್ತೆ. ಅದನ್ನ ನಲವತ್ತು ವರ್ಷದಿಂದ ಸಾಕ್ತಿದ್ದೀನಿ ಡಾಕ್ಟ್ರಮ್ಮ. ಇದು ಅದಕ್ಕಿಂತ ದೊಡ್ಡದೇ ಇದೆ."

ರೇಷ್ಮೆಹುಳು ಸಾಕುವ ಮನೆಯ ಕಾನೂನು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಪ್ರವೇಶವಿಲ್ಲ. ಚಪ್ಪಲಿ ಆಚೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಬೇಕು. ಸ್ವಂತ ಬೀಗರು ಬಂದರೂ ಹುಳು ತೋರಿಸುವುದಿಲ್ಲ, ಬೀಗರು ಬೇಜಾರೂ ಮಾಡಿಕೊಳ್ಳುವುದಿಲ್ಲ. ಅವರ ಮನೆಯಲ್ಲೂ ಅದೇ ಕಾನೂನು. ಅದೇ ಜನ, ಹಸುಗೂಸು ಎಂದರೆ ಮಾತ್ರ, ಮೂಗು ಸೀಟಿದ ಕೈಯಲ್ಲೇ ಕೆನ್ನೆ ಹಿಂಡುತ್ತಾರೆ. ಇದನ್ನು ನಾನು ಹದಿನೆಂಟು ವರ್ಷ ನೋಡಿದ್ದೆ. ಹುಳುಮನೆಯ ಕಾನೂನನ್ನು ಹಾಗೇ ಎತ್ತಿ ಬಾಣಂತಿ ಕೋಣೆಗೆ ತಂದಿಟ್ಟವರು ಈ ಅಜ್ಜಿ ಒಬ್ಬರೇ.

ಬಾಗಿಲಲ್ಲಿ ಬ್ಲೀಚಿಂಗ್ ತಟ್ಟೆ ಬಂತು. ಆ ವಾಸನೆ ಕೂಸಿಗೆ ಆಗುವುದಿಲ್ಲ ಎಂದು ನಾನು ಫೋನಿನಲ್ಲಿ ಬೇಡಿಕೊಂಡ ಮೇಲೆ ಸೋಪು ನೀರಿಗೆ ಇಳಿದರು. ಚೀಟಿಯ ವಿಷಯದಲ್ಲಿ ಮಾತ್ರ ಇಳಿಯಲಿಲ್ಲ. ಈ ವರ್ಷದ ಲಸಿಕೆ ಚೀಟಿ ತೋರಿಸಿದವರಿಗೆ ಬಾಗಿಲು, ಇಲ್ಲದವರಿಗೆ ಕಿಟಕಿ.

ಚಿಂತಾಮಣಿಯಿಂದ ಬಂದ ಅಜ್ಜಿಯ ನಾದಿನಿ ಅಂಗಳದಲ್ಲಿ ನಿಂತು ಸೀನುತ್ತಲೇ ಜಗಳ ತೆಗೆದರು. "ಏಮಿ ವದಿನಾ ಇದಿ? ಇದೇನತ್ತಿಗೆ, ನಾನು ಹೊರಗಿನೋಳಾ?"

"ನೀನು ಹೊರಗಿನೋಳಲ್ಲ ಕಣೇ," ಎಂದರು ಅಜ್ಜಿ. "ನಿನ್ನ ನೆಗಡಿ ಹೊರಗಿಂದು. ಅದನ್ನ ಬಿಟ್ಟು ನೀನು ಬಾ."

ತಾತನಿಗೂ ಕಿಟಕಿಯೇ. ಸ್ವಂತ ಮನೆ, ಸ್ವಂತ ಮೊಮ್ಮಗಳು, ಸ್ವಂತ ಕಿಟಕಿ. ಕೈ ಚೆನ್ನಾಗಿ ತೊಳೆದು ಮಾಸ್ಕು ಕಟ್ಟಿಕೊಂಡರೆ ತಾತ ಒಳಗೆ ಬರಬಹುದು, ಇಷ್ಟು ಕಟ್ಟುನಿಟ್ಟು ಬೇಡ ಎಂದು ಡಾಕ್ಟರಮ್ಮನೇ ಹೇಳಿಕಳಿಸಿದರು.

ಅಜ್ಜಿಯ ಉತ್ತರ ಬಂತು: "ಡಾಕ್ಟ್ರಮ್ಮ ಒಳ್ಳೆಯೋರು. ಆದ್ರೆ ಹುಳು ಸಾಕಿಲ್ಲ."

ತಾತನ ತೀರ್ಮಾನ

ಕೆಲವು ದಿನ ಕಳೆದ ಮೇಲೆ ತಾತ ಒಬ್ಬರೇ ಕ್ಲಿನಿಕ್ಕಿಗೆ ಬಂದರು. ಬೆಂಚಿನ ಮೇಲೆ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಸಿಸ್ಟರಮ್ಮ, ಒಂದು ಒಪ್ಪಂದಕ್ಕೆ ಬರಣ. ನನಗೆ ಜ್ವರ ಬಂದ ತಕ್ಷಣ ಬರ್ತೀನಿ. ಆವಾಗ ಹಾಕಿ, ಎಷ್ಟಾದ್ರೂ ಹಾಕಿ."

"ಜ್ವರ ಜೋರಾಗಿದ್ದಾಗ ಹಾಕಲ್ಲ ತಾತ, ಇಳಿಯೋವರೆಗೂ ಕಾಯ್ತೀವಿ."

ತಾತ ಟವೆಲು ಹೆಗಲಿಗೆ ಹಾಕಿಕೊಂಡರು. "ಕಾಯಿಲೆ ಇದ್ರೆ ಹಾಕಲ್ಲ. ಇಲ್ದಿದ್ರೆ ಹಾಕ್ತೀರಿ. ಇಂಥ ಕಡೆ ನೀವು ಹದಿನೆಂಟು ವರ್ಷ ಹೇಗಮ್ಮ ಕೆಲಸ ಮಾಡಿದ್ರಿ?"

ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತ ಹೇಳಿದರು:

"ನಿನ್ನೆ ಅದು ಕಣ್ಣು ಬಿಟ್ಟು ಕಿಟಕಿ ಕಡೆ ನೋಡ್ತು. ನಾನು ಕೈ ಆಡಿಸಿದೆ. ಅದಕ್ಕೆ ಕಾಣಿಸ್ತೋ ಇಲ್ವೋ ಗೊತ್ತಾಗಲಿಲ್ಲ. ಯಾರೋ ದಾರಿಹೋಕ ಅಂದ್ಕೊಂಡಿತೋ ಏನೋ."

ಅಂಗಿಯ ತೋಳನ್ನು ಅವರೇ ಮಡಚಿದರು. ಒಂದು ತೋಳಿಗೆ ಫ್ಲೂ, ಇನ್ನೊಂದಕ್ಕೆ ನ್ಯುಮೋನಿಯಾ. ಹುಬ್ಬು ಕೂಡ ಅಲುಗಲಿಲ್ಲ. ಚೀಟಿ ಬರೆದುಕೊಟ್ಟೆ. ಜೇಬಿಗೆ ಹಾಕಿ ಮೇಲಿನಿಂದ ಎರಡು ಸಲ ತಟ್ಟಿ ನೋಡಿಕೊಂಡರು. ಚಪ್ಪಲಿ ಮೆಟ್ಟುತ್ತ, "ಹತ್ತೂವರೆ ಬಸ್ಸು ಸಿಕ್ಕಿದ್ರೆ ಹನ್ನೊಂದಕ್ಕೆಲ್ಲ ಎತ್ಕೊಂಡಿರ್ತೀನಿ," ಎಂದರು.

ನನ್ನ ಬಾಯಿ ಸುಮ್ಮನಿರಬೇಕಿತ್ತು. ಅಭ್ಯಾಸಬಲ. "ಲಸಿಕೆ ಮೈಗೆ ಹತ್ತೋಕೆ ಎರಡು ವಾರ ಬೇಕು ತಾತ," ಎಂದುಬಿಟ್ಟೆ.

ತಾತನ ಒಂದು ಕಾಲು ಚಪ್ಪಲಿಯೊಳಗೆ, ಒಂದು ಆಚೆ ನಿಂತಿತು.

"ಇದನ್ನ ನಮ್ಮನೆಯೋಳಿಗೂ ಹೇಳಿದ್ದೀರಾ?"

"ಅವರಿಗೆ ಹಾಕಿದ ದಿನವೇ ಹೇಳಿದ್ದೆ."

"ಹಾಗಾದ್ರೆ ಮುಗೀತು," ಎಂದು ಇನ್ನೊಂದು ಚಪ್ಪಲಿ ಮೆಟ್ಟಿದರು. "ಮಧ್ಯಾಹ್ನದ ಬಸ್ಸಿಗೇ ಹೋಗ್ತೀನಿ."

ನನ್ನ ಚೀಟಿ

ಹದಿನೈದನೆಯ ದಿನ ಭಾನುವಾರ. ತಾತ ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನು ನೋಡಲೇಬೇಕೆಂದು ನಾನು ಒಂದು ಫ್ರಾಕು, ಒಂದು ಕುಲಾವಿ ತೆಗೆದುಕೊಂಡು ಮೇಲೂರಿಗೆ ಹೋದೆ. ಆರು ವಾರದ ಲಸಿಕೆ ಹತ್ತಿರ ಬಂತೆಂದು ನೆನಪಿಸುವುದೂ ಇತ್ತು. ಆ ಮನೆಯವರಿಗೆ ಎಲ್ಲ ಸೂಜಿಯನ್ನೂ ಹಾಕಿದವಳು ನಾನು. ಬರಮಾಡಿಕೊಳ್ಳುತ್ತಾರೆ ಎಂಬ ಬಗ್ಗೆ ಸಂಶಯವಿರಲಿಲ್ಲ.

ಬರಮಾಡಿಕೊಂಡರು. ಚಪ್ಪಲಿ ಬಿಡಿಸಿದರು, ಸೋಪು ನೀರು ಕೊಟ್ಟರು, ಮೊಣಕೈವರೆಗೂ ತೊಳೆಸಿದರು. ಆಮೇಲೆ ಅಜ್ಜಿ ಬಾಗಿಲಿಗೆ ಅಡ್ಡವಾಗಿ ನಿಂತು ಕೈ ಚಾಚಿದರು. ಫ್ರಾಕು, ಕುಲಾವಿ ಕೊಟ್ಟೆ. ಅವನ್ನು ಇನ್ನೊಂದು ಕೈಗೆ ದಾಟಿಸಿ ಮತ್ತೆ ಚಾಚಿದರು.

"ಚೀಟಿ?"

ನಾನು ನಕ್ಕೆ. "ಅಜ್ಜಿ, ನಾನು ಹಾಕೋಳು."

"ಹಾಕೋದು ಕಂಡಿದ್ದೀನಮ್ಮ. ಹಾಕಿಸ್ಕೊಂಡಿದ್ದೀಯಾ?"

ಈ ಪ್ರಶ್ನೆಯನ್ನು ಹದಿನೆಂಟು ವರ್ಷದಲ್ಲಿ ನನಗೆ ಯಾರೂ ಕೇಳಿರಲಿಲ್ಲ. ನೆನಪು ಮಾಡಿಕೊಂಡೆ. ಈ ವರ್ಷ, ಜನ ಕಡಿಮೆಯಾದ ಮೇಲೆ ಹಾಕಿಸಿಕೊಳ್ಳೋಣ ಎಂದಿದ್ದೆ. ಹೋದ ವರ್ಷವೂ ಹಾಗೇ ಅಂದಿದ್ದೆ. ಜನ ಎರಡು ವರ್ಷದಿಂದ ಕಡಿಮೆಯಾಗಿಲ್ಲ. ಬೋರ್ಡಿನ ಕೆಳಮೂಲೆಯ ಸಣ್ಣಕ್ಷರದ ಸಾಲು ಕಣ್ಣ ಮುಂದೆ ಬಂತು. ನನ್ನದೇ ಕೈಬರಹ.

"ನಾಳೆ ಬೆಳಿಗ್ಗೇನೇ ಹಾಕಿಸ್ಕೋತೀನಿ," ಎಂದೆ.

"ಹಾಕಿಸ್ಕೊ ತಾಯಿ. ದಿನಾ ಕಾಯಿಲೆಯೋರ ಮಧ್ಯೆ ಇರೋಳು, ನಮಗಿಂತ ಮುಂಚೆ ನಿನಗೇ ಬೇಕು." ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ತಲೆಯ ಮೇಲೆ ಕೈ ಕೂಡ ಇಟ್ಟರು. ಆಮೇಲೆ ಅದೇ ಕೈಯಲ್ಲಿ ಮನೆಯ ಪಕ್ಕದ ಓಣಿ ತೋರಿಸಿದರು. "ಕಿಟಕಿ ಆ ಕಡೆ ಇದೆ."

ಹೋದೆ. ಗಾಜಿನಾಚೆ ತಾತ ಗೋಡೆಗೆ ಒರಗಿ ಕೂತಿದ್ದರು. ಎರಡು ತೋಳಿನ ನಡುವೆ ಮಗು. ಉಸಿರು ಜೋರಾಗಿ ಬಿಟ್ಟರೆ ಎಲ್ಲಿ ಏಳುತ್ತದೋ ಎಂದು ಅರ್ಧರ್ಧ ಉಸಿರು ಬಿಡುತ್ತಿದ್ದರು. ಕೆಮ್ಮು ಎಲ್ಲಿ ಹೋಗಿತ್ತೋ. ಮಗು ಅವರ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ಗಾಜಿನ ಈಚೆಯಿಂದ ನನಗೆ ಕುಲಾವಿ ಮಾತ್ರ ಕಾಣುತ್ತಿತ್ತು, ಅದೂ ಹಳೆಯದು. ಕತ್ತು ಉದ್ದ ಮಾಡಿದೆ, ಕಾಲ್ಬೆರಳ ತುದಿಯಲ್ಲಿ ನಿಂತೆ.

ತಾತ ತಲೆಯೆತ್ತಿ ನನ್ನನ್ನು ಕಂಡರು. ಆಶ್ಚರ್ಯಪಡಲಿಲ್ಲ. ಏನಾಗಿದೆ ಎಂದು ಕೇಳಲೂ ಇಲ್ಲ. ಅನುಭವಸ್ಥರು. ಮಗು ಏಳದ ಹಾಗೆ, ಕಿಟಕಿಯ ಸಂದಿಯಲ್ಲಿ ಕೇಳುವಷ್ಟೇ ಪಿಸುದನಿಯಲ್ಲಿ ಹೇಳಿದರು:

"ಅಲ್ಲಿ ಬೇಡ ಸಿಸ್ಟರಮ್ಮ. ಎಡಗಡೆ ಒಂದು ಚಪ್ಪಡಿ ಕಲ್ಲಿದೆ ನೋಡಿ, ನಾನೇ ಹಾಕಿದ್ದು, ಅಲುಗಾಡಲ್ಲ. ಅದರ ಮೇಲೆ ನಿಂತ್ರೆ ಮೂಗು ಕಾಣುತ್ತೆ. ಹತ್ತು ಗಂಟೆ ಮೇಲೆ ಬಂದ್ರೆ ಬಿಸಿಲು ಈ ಕಡೆ ಬೀಳುತ್ತೆ, ಕಾಲೂ ಕಾಣುತ್ತೆ."

ಕಲ್ಲು ಹತ್ತಿದೆ. ನಿಜ, ಮೂಗು ಕಾಣುತ್ತಿತ್ತು.

"ಎರಡು ವಾರ ಏನಮ್ಮ, ಹೋಗ್ಬಿಡುತ್ತೆ," ಎಂದು ತಾತ ಧೈರ್ಯ ಹೇಳಿದರು. "ಮೊದಲ ಮೂರು ದಿನ ಸ್ವಲ್ಪ ಕಷ್ಟ."