ತಂತಿ ಇಲ್ಲದ ಕವಲು

"ನೋಡು ನೀಲಾ, ಒಂದ ಒಂದು ತಂತಿ ಇಲ್ಲ!" ಎಂದು ಇರಸಂಗಪ್ಪ ಎರಡೂ ಕೈ ಮೇಲೆತ್ತಿ ಸಾರಿದ.

ನಿಜವೇ. ಗದಗಿನ ಆ ಪುಟ್ಟ ಮನೆಯ ಪಡಸಾಲೆ ತುಂಬ ಹಾಸಿದ್ದ ಆಟದ ರೈಲುಹಳಿಗೆ ಏಳು ಕವಲು. ರೈಲನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಒಂದೊಂದು ಕವಲಿಗೂ ಮೂರು ಮೂರು ತಂತಿ. ಎಡವಿ ನೀಲವ್ವ ಎರಡು ಸಲ ಬಿದ್ದಿದ್ದಳು. ಈಗ ಎಲ್ಲ ಮಾಯ! ರೇಡಿಯೊ ರಿಪೇರಿ ಮಾಡುವ ಗಂಡನ ಕೈಯಲ್ಲಿ ಸಾಬೂನು ಡಬ್ಬಿಯಷ್ಟು ರಿಮೋಟು, ಎರಡು ಗುಂಡಿ, ಮೇಲೊಂದು ಮಾರುದ್ದದ ಏರಿಯಲ್.

ಎಡಗುಂಡಿ ಒತ್ತಿದ. ರೈಲು ಎಡಕ್ಕೆ ಹೊರಳಿತು. ಗೋಡೆಯ ಮೇಲೆ ಸಾಲಾಗಿ ಹೊರಟಿದ್ದ ಇರುವೆಗಳೂ ಎಡಕ್ಕೆ ಹೊರಳಿದವು.

"ಅಲ್ರೀ, ಆ ಇರುವಿ..."

"ಇರುವಿ ಬಿಡ, ರೈಲು ನೋಡ!"

ನೀಲವ್ವನಿಗೆ ಅಂದು ಎರಡಕ್ಕೂ ಪುರುಸೊತ್ತಿರಲಿಲ್ಲ. ಅಣ್ಣ ಚಂದ್ರಾಯಪ್ಪ ಬರುವವನಿದ್ದ. ಎರಡು ವರ್ಷದ ಹಿಂದೆ ಇರಸಂಗಪ್ಪನ ಕ್ಷೌರದ ಯಂತ್ರ ಅವನ ಅರ್ಧ ಮೀಸೆ ನುಂಗಿದಂದಿನಿಂದ ಆತ ಇತ್ತ ತಲೆಹಾಕಿರಲಿಲ್ಲ. ನಿನ್ನೆ ತಾನಾಗಿ ಫೋನ್ ಮಾಡಿ ಬರುತ್ತೇನೆಂದಿದ್ದ. ಅವಳು ಮುಂಜಾನೆಯಿಂದ ಹೋಳಿಗೆ ಮಾಡುತ್ತಿದ್ದಳು.

ಹನ್ನೊಂದಕ್ಕೆ ಓಣಿಯ ತುದಿಯಲ್ಲಿ ಅಣ್ಣ ಕಂಡ. ಬಿಳಿ ಧೋತರ, ಕೈಯಲ್ಲಿ ಬಾಳೆಹಣ್ಣು. ನೀಲವ್ವ ಗೇಟಿಗೆ ಓಡಿದಳು. ಅಣ್ಣ ನಗುತ್ತ ಬಂದ, ಬಂದ, ಇನ್ನೇನು ಗೇಟು ಮುಟ್ಟಬೇಕು, ಗಕ್ಕನೆ ಎಡಕ್ಕೆ ಹೊರಳಿ ಎದುರು ಮನೆಯ ಟೇಲರ್ ಸುಶೀಲಾಬಾಯಿಯ ಮನೆ ಹೊಕ್ಕ!

"ಯಾರ್ರೀ ನೀವು?"

"ಇರ್ಲಿ ಬಿಡ್ರಿ, ನಾ ಯಾಕ ಇಲ್ಲಿದ್ದೀನಿ ಅದನ್ನ ಹೇಳ್ರಿ!"

ಹೊರಬಂದ. ಮತ್ತೆ ಹೊರಟ. ಮತ್ತೆ ಸುಶೀಲಾಬಾಯಿ! ಮೂರನೆಯ ಸಲ ಆಕೆ ಬಾಳೆಹಣ್ಣು ಇಸಿದುಕೊಂಡು "ಥ್ಯಾಂಕ್ಸ್" ಎಂದಳು.

ನೀಲವ್ವನ ಕಣ್ಣು ತುಂಬಿದವು. "ಎರಡು ವರ್ಷಕ್ಕ ಬಂದು ನನ್ನ ಕಣ್ಣಮುಂದ ಎದುರು ಮನಿಗೆ ಹೋಗ್ತೀಯೇನೋ ಅಣ್ಣಾ?"

"ಇಲ್ಲವ್ವಾ! ನಾ ನೆಟ್ಟಗ ಬರಾಕ ಹತ್ತೀನಿ, ಕಾಲು ಸೊಟ್ಟ ಹೊಂಟಾವು!"

ಅಷ್ಟರಲ್ಲಿ ಹಾಲಿನವ ಹೊರಳಿದ. ಮೀಟರ್ ನೋಡುವವ ಹೊರಳಿದ. ಒಂದು ಎಮ್ಮೆಯೂ ಹೊರಳಿ ಸುಶೀಲಾಬಾಯಿಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಆಗ ನೀಲವ್ವನಿಗೆ ಇರುವೆಗಳ ನೆನಪಾಯಿತು. ಒಳಗೋಡಿದಳು. ಗಂಡ ಇನ್ನೂ ಎಡಗುಂಡಿ ಒತ್ತುತ್ತಲೇ ಇದ್ದ.

"ರೀ, ನಿಮ್ಮ ರಿಮೋಟು ಓಣ್ಯಾಗಿನ ಮಂದೀನ ತಿರುಗಿಸಾಕ ಹತ್ತೈತಿ!"

ಇರಸಂಗಪ್ಪನ ಮುಖ ಅರಳಿತು. "ಹೌದಾ? ಎಷ್ಟು ದೂರದ ಮಟ?"

ಅವಳು ರಿಮೋಟು ಕಸಿದು ಬಲಗುಂಡಿಯನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ಅದು ಒಳಗೇ ಕುಸಿದು ಅಲ್ಲೇ ಉಳಿಯಿತು.

ಹೊರಗೆ ಅಣ್ಣನ ತಾಳ್ಮೆ ಮುಗಿದಿತ್ತು. "ಸಾಕು! ಇನ್ನ ನಿನ್ನ ಹೊಸ್ತಿಲ ತುಳಿಯಂಗಿಲ್ಲ. ಬಸ್‌ಸ್ಟ್ಯಾಂಡಿಗೆ ಹೊಂಟೆ!" ಎಂದು ಕೂಗಿ ಬೆನ್ನು ತಿರುಗಿಸಿ ದಡದಡ ನಡೆದ. ಹತ್ತು ಹೆಜ್ಜೆ ಹೋದವನು ವೇಗ ತಗ್ಗಿಸದೆ ಸುತ್ತುಹಾಕಿ, ಅದೇ ಸಿಟ್ಟಿನಲ್ಲಿ ಹೊಸ್ತಿಲು ದಾಟಿ, ರೈಲು ದಾಟಿ, ಅಡಿಗೆಮನೆಯಲ್ಲಿ ಬಂದು ನಿಂತ.

"ಹೊಂಟೆ ಅಂದ್ರ ಹೊಂಟೆ!" ಎಂದ, ಒಲೆಯ ಮೇಲಿನ ಹಂಚಿಗೆ.

ನೀಲವ್ವ ತಟಕ್ಕನೆ ತಟ್ಟೆ ಇಟ್ಟಳು. "ಹೋಗೂಮುಂದ ಒಂದು ತಿಂದು ಹೋಗು."

ತಿಂದು ಮುಂಬಾಗಿಲಿಂದ ಹೋದ, ಹಿತ್ತಲ ಬಾಗಿಲಿಂದ ಬಂದ. ಎರಡು ತಿಂದ. ನಾಲ್ಕನೆಯ ಸಲ ಬಂದವನು ಉಸ್ಸೆಂದು ಮಣೆಯ ಮೇಲೆ ಕೂತ. "ತಂಗೆವ್ವಾ, ನನ್ನ ಸಿಟ್ಟೂ ಎಲ್ಲೋ ಬ್ಯಾರೆ ಕಡೆ ಹೊಳ್ಳಿದಂಗ ಕಾಣತೈತಿ. ತುಪ್ಪ ಹಾಕು."

ಮಧ್ಯಾಹ್ನದ ಹೊತ್ತಿಗೆ ಅಡಿಗೆಮನೆಯಲ್ಲಿ ಹಾಲಿನವ, ಮೀಟರಿನವ, ಸಂತೆಗೆ ಹೊರಟಿದ್ದ ಸುಶೀಲಾಬಾಯಿ, ಇಬ್ಬರು ಪೊಲೀಸರು. ಕಿಟಕಿಯಲ್ಲಿ ಎಮ್ಮೆಯ ತಲೆ.

"ಬ್ಯಾಟರಿ ಬೆಸುಗಿ ಹಾಕಿಬಿಟ್ಟೀನಿ, ತೆಗಿಯಾಕ ಬರಂಗಿಲ್ಲ," ಎಂದ ಇರಸಂಗಪ್ಪ. "ಯಾರೂ ಗಾಬರಿ ಆಗಬ್ಯಾಡ್ರಿ. ಅಂಗಡಿಗೆ ಹೋಗಿ ಹೊಸ ಗುಂಡಿ ತರ್ತೀನಿ!"

ಧೀರನಂತೆ ಹೊರಟ. ಎರಡು ನಿಮಿಷಕ್ಕೆ ಹಿತ್ತಲ ಬಾಗಿಲು ತೆರೆಯಿತು. ಇರಸಂಗಪ್ಪ ಒಳಬಂದು ಕಣ್ಣು ಕಿರಿದು ಮಾಡಿ ಸುತ್ತಲೂ ನೋಡಿದ.

"ಏನ್ರೀ, ಅಂಗಡ್ಯಾಗ ಇವತ್ತ ಭಾಳ ಗದ್ದಲ?"

"ಕೂಡ್ರಿ," ಎಂದಳು ನೀಲವ್ವ ಇನ್ನೊಂದು ತಟ್ಟೆ ಇಡುತ್ತ. "ಗುಂಡಿ ತೀರ್‍ಯಾವು. ಹೋಳಿಗಿ ಅದಾವು."