ಸೀಲು ಬಿದ್ದ ಸ್ಟೀರಿಯೋ

ಏಕಮಾನವಿಲ್ಲದ ಅಂಕಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಇಡುವುದು ಅಪರಾಧ. ತೂಕ ಮತ್ತು ಅಳತೆ ಕಚೇರಿ ನಿಂತಿರುವುದೇ ಈ ಒಂದು ವಾಕ್ಯದ ಮೇಲೆ. ಬರೀ ‘ಐದು’ ಎಂದು ಬರೆದ ಡಬ್ಬವಾಗಲಿ, ಬರೀ ‘ಹತ್ತು’ ಎಂದು ಬರೆದ ಚೀಲವಾಗಲಿ ಕಂಡರೆ ಕಚೇರಿಯವರು ತಂತಿ ಸುತ್ತಿ, ತುದಿಗೆ ಸೀಸದ ಬಿಲ್ಲೆ ಒತ್ತಿ ಸೀಲು ಹಾಕಿ ಬರುತ್ತಾರೆ. ಒಮ್ಮೆ ಬಿದ್ದ ಸೀಲನ್ನು ಮುರಿಯುವುದು ಇನ್ನೂ ದೊಡ್ಡ ಅಪರಾಧ.

ಆದ್ದರಿಂದ ಕಚೇರಿಯ ಸ್ವಂತ ಕಾರಿನ ಸ್ಟೀರಿಯೋಗೆ ಸೀಲು ಬಿದ್ದಾಗ ಯಾರೂ ಆಶ್ಚರ್ಯಪಡಲಿಲ್ಲ. ಇಷ್ಟು ವರ್ಷ ಯಾಕೆ ಬಿದ್ದಿರಲಿಲ್ಲ ಎಂದು ಮಾತ್ರ ಕೆಲವರು ಆಶ್ಚರ್ಯಪಟ್ಟರು.

ಆ ಕಾರಿನ ಚಾಲಕನನ್ನು ಎಲ್ಲರೂ ನಿಧಾನಪ್ಪ ಎಂದು ಕರೆಯುತ್ತಿದ್ದರು. ಎತ್ತಿನ ಗಾಡಿಗೂ ದಾರಿ ಬಿಡುವವನು ಎಂದು ಆ ಹೆಸರು. ಕಾರು ಹಳೆಯದು, ಸ್ಟೀರಿಯೋ ಕಾರಿಗಿಂತ ಹಳೆಯದು. ಕ್ಯಾಸೆಟ್ ನುಂಗುವ ಕಾಲದ್ದು. ನಿಧಾನಪ್ಪ ಅದನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಿದ್ದ. ಬಿಸಿಲಿಗೆ ನಿಲ್ಲಿಸಿದರೆ ಅದರ ಮುಖಕ್ಕೆ ಒಂದು ಬಟ್ಟೆ. ಸ್ಪೀಕರಿನ ಕಾಗದ ಹರಿಯುತ್ತದೆಂದು ಶಬ್ದ ಎಂದೂ ಪೂರ್ತಿ ಏರಿಸುತ್ತಿರಲಿಲ್ಲ. ಎಂಜಿನ್ ನಿಲ್ಲಿಸುವ ಮೊದಲು ವಾಲ್ಯೂಮ್ ಇಳಿಸುತ್ತಿದ್ದ. ಆಗಾಗ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ, ಟೇಪು ಉಜ್ಜಿಕೊಂಡು ಓಡುವ ಹೆಡ್ಡನ್ನು ಒರೆಸುತ್ತಿದ್ದ.

ಅವನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ಅದರಲ್ಲಿ ಹಾಡಿರಲಿಲ್ಲ. ಅವನ ಹೆಂಡತಿ ಮಾತಾಡಿದ್ದಳು. ದೂರದ ದಾರಿಯಲ್ಲಿ ಗಂಡ ತೂಕಡಿಸದಿರಲಿ ಎಂದು ಅವಳೇ ರೆಕಾರ್ಡ್ ಮಾಡಿಕೊಟ್ಟದ್ದು. ಅವಳು ತೀರಿಕೊಂಡ ಮೇಲೆ ನಿಧಾನಪ್ಪ ಮಧ್ಯಾಹ್ನದ ಬಿಡುವಿನಲ್ಲಿ ಶೆಡ್ಡಿಗೆ ಹೋಗಿ, ಕಾರಿನ ಗಾಜು ಏರಿಸಿಕೊಂಡು, ಅದನ್ನು ಕೇಳುತ್ತ ಬುತ್ತಿ ಬಿಚ್ಚುತ್ತಿದ್ದ.

ಹಾಗೆ ಕುಳಿತಿದ್ದಾಗಲೇ ಸೀಲು ಅಧಿಕಾರಿ ಗಾಜು ತಟ್ಟಿದರು.

“ಏನ್ರೀ ಇದು, ಈ ಗುಂಡಿ ಸುತ್ತ ಒಂದರಿಂದ ಹತ್ತು?”

“ವಾಲ್ಯೂಮ್ ಸಾರ್.”

“ಹತ್ತು ಅಂದ್ರೆ ಹತ್ತು ಏನು? ಲೀಟರಾ, ಮೊಳಾನಾ?”

“ಹತ್ತು ಅಂದ್ರೆ... ಜೋರು ಸಾರ್.”

“ಜೋರು ಅನ್ನೋದು ಏಕಮಾನ ಅಲ್ಲ. ನಾಳೆ ತರಕಾರಿಯವನು ‘ಭಾರ’ ಅಂತ ಬರೆದು ಬದನೆಕಾಯಿ ಮಾರ್ತಾನೆ. ಬಿಟ್ಟುಬಿಡೋಣ್ವಾ? ಕಾನೂನಿಗೆ ಬದನೆಕಾಯಿಯೂ ಒಂದೇ, ಸ್ಟೀರಿಯೋನೂ ಒಂದೇ.”

ಗುಂಡಿ ಆಗ ನಾಲ್ಕರಲ್ಲಿತ್ತು. ನಾಲ್ಕರಲ್ಲೇ ಅದಕ್ಕೆ ತಂತಿ ಬಿತ್ತು, ಸೀಸ ಬಿತ್ತು. ಕ್ಯಾಸೆಟ್ ಹಾಕುವ ಬಾಯಿಗೆ ಅಡ್ಡಲಾಗಿ ಕಾಗದದ ಮುದ್ರೆ ಬಿತ್ತು. ಸ್ಟೀರಿಯೋ ಆರಿಸುವುದೂ ಅದೇ ಗುಂಡಿಯಿಂದಲೇ ಆದ್ದರಿಂದ, ಇನ್ನು ಮೇಲೆ ಕಾರಿನ ಬೀಗದ ಕೈ ತಿರುಗಿಸಿದರೆ ಸಾಕು, ಅದು ತಾನಾಗಿ ಟೇಪನ್ನು ಮೊದಲಿಗೆ ಸುತ್ತಿಕೊಂಡು ಮಾತಾಡುವಂತಾಯಿತು. ಅಧಿಕಾರಿಯವರು ಮೆಟ್ಟಿಲಿಳಿದು ಶೆಡ್ಡಿಗೆ ಬಂದದ್ದನ್ನು ಹೊರಸಂಚಾರವೆಂದು ಭತ್ಯೆಗೆ ಬರೆದುಕೊಂಡರು. ಹತ್ತುವುದು ಇಳಿಯುವುದಕ್ಕಿಂತ ಕಷ್ಟವಾದ್ದರಿಂದ ವಾಪಸು ಹೋದದ್ದನ್ನು ಬೇರೆಯಾಗಿ ಬರೆದುಕೊಂಡರು.

ಮಾರನೆಯ ದಿನ ದೊಡ್ಡ ಸಾಹೇಬರು ಹಿಂದಿನ ಸೀಟಿನಲ್ಲಿ ಕುಳಿತರು. ಸೀಲು ಅಧಿಕಾರಿ ಮುಂದೆ ಕುಳಿತರು. ನಿಧಾನಪ್ಪ ಬೀಗದ ಕೈ ತಿರುಗಿಸಿದ.

“ಏನ್ರೀ, ಹೊರಟ್ರಾ? ಬಾಗಿಲು ಸರಿಯಾಗಿ ಹಾಕಿದೀರಾ ನೋಡಿ.”

ದೊಡ್ಡ ಸಾಹೇಬರು ತಮ್ಮ ಕಡೆಯ ಬಾಗಿಲು ತೆಗೆದು ಮತ್ತೆ ಹಾಕಿದರು.

“ಲಾರಿಯೋನು ಕೈ ಹೊರಗೆ ಚಾಚಿದ ಅಂತ ನುಗ್ಗಬೇಡಿ. ಅವನು ಬೀಡಿ ಬೂದಿ ಕೊಡವ್ತಿರ್ತಾನೆ.”

“ಯಾರ್ರೀ ಈಯಮ್ಮ?” ಎಂದರು ಸಾಹೇಬರು.

“ನಮ್ಮನೆಯವಳು ಸಾರ್.”

“ಎಲ್ಲಿದ್ದಾರೆ?”

“ಹೋಗಿಬಿಟ್ಟಳು ಸಾರ್. ಹೋದ ವರ್ಷ.”

ಸಾಹೇಬರು ಮುಂದಿನ ಸೀಟಿನ ಕಡೆ ಬಾಗಿದರು. ಸೀಲು ಅಧಿಕಾರಿಯನ್ನು ಕೇಳಿದರು: “ತೀರಿಹೋದವರು ಕಚೇರಿ ವಾಹನದಲ್ಲಿ ಬರಬಾರದು ಅಂತ ನಿಯಮ ಇದೆಯೇನ್ರೀ?”

“ಇಲ್ಲ ಸಾರ್. ನಿಯಮ ಮಾಡಿದವರಿಗೆ ಹೊಳೆದಿಲ್ಲ.”

“ಹಾಗಾದ್ರೆ ಬರಲಿ ಬಿಡಿ.”

ಹೀಗೆ ಅವಳ ಪ್ರಯಾಣ ಸಕ್ರಮವಾಯಿತು. “ಊಟ ಹೊತ್ತಿಗೆ ಸರಿಯಾಗಿ ಮಾಡಿ, ಬರೀ ಹೊಟ್ಟೇಲಿ ತಿರುಗಬೇಡಿ” ಎಂದರೆ ಸಾಹೇಬರು ಕಾರು ನಿಲ್ಲಿಸಿ ಊಟ ಮಾಡತೊಡಗಿದರು. ಅವರಿಗೆ ಯಾರಾದರೂ ಹಾಗೆ ಹೇಳಿ ಎಷ್ಟೋ ಕಾಲವಾಗಿತ್ತಂತೆ. ಸೀಲು ಅಧಿಕಾರಿಗೆ ಮಾತ್ರ ಸ್ವಲ್ಪ ತೊಂದರೆಯಾಯಿತು. ತಕ್ಕಡಿ ಪರೀಕ್ಷೆ ಮುಗಿದ ಮೇಲೆ ಅಂಗಡಿಯವರು ಪ್ರೀತಿಯಿಂದ ಕೊಟ್ಟ ಚೀಲಗಳನ್ನು ಅವರು ಡಿಕ್ಕಿಗೆ ಹಾಕಿಸುವಾಗ ಸರಿಯಾಗಿ ಅದೇ ಮಾತು ಬರುತ್ತಿತ್ತು: “ಬಿಟ್ಟಿ ಸಿಕ್ತು ಅಂತ ಡಿಕ್ಕಿ ತುಂಬಿಸ್ಕೊಂಡು ಬರಬೇಡಿ. ಮಾನ ಇಡೋಕೆ ಜಾಗ ಬೇಡ್ವಾ?” ಅವರು ಬಹಳ ಯೋಚಿಸಿ, ಚೀಲಗಳನ್ನು ಆಟೋದಲ್ಲಿ ಕಳಿಸುವ ಏರ್ಪಾಡು ಮಾಡಿಕೊಂಡರು.

ನಿಧಾನಪ್ಪನ ಮಗಳಿಗೆ ಮಾತ್ರ ಇದು ಹಿಡಿಸಲಿಲ್ಲ.

“ಅಪ್ಪಾ, ಅಮ್ಮನ ಬಾಯಿಗೆ ಸೀಲು ಹಾಕಿದಾರಾ?”

“ಬಾಯಿಗಲ್ಲಮ್ಮ, ಗುಂಡಿಗೆ.”

“ಅಮ್ಮ ಇದ್ದಿದ್ರೆ ಅವರ ಮೂಗಿಗೇ ಹಾಕಿ ಕಳಿಸ್ತಿದ್ಲು. ಕಾಗದ ಹರಿದು ಕ್ಯಾಸೆಟ್ ತಗೊಂಡು ಬನ್ನಿ. ಒಂದು ಕಾಪಿ ಮಾಡಿಸಿ ಇಟ್ಕೊಳ್ಳೋಣ.”

“ಹರಿದ್ರೆ ಕಾರು ನನ್ನ ಕೈ ಬಿಟ್ಟುಹೋಗುತ್ತೆ. ಕಾರಿನ ಜೊತೆ ಅವಳೂ.”

“ಹರೀದೇ ಇದ್ರೆ?”

ನಿಧಾನಪ್ಪನಿಗೆ ಉತ್ತರ ಗೊತ್ತಿತ್ತು. ಒರೆಸದ ಹೆಡ್ಡಿನ ಮೇಲೆ ಧೂಳು ಕೂರುತ್ತದೆ. ಧೂಳಿಗೆ ಟೇಪು ಅಂಟುತ್ತದೆ. ಒಂದು ದಿನ ಯಂತ್ರ ಟೇಪನ್ನು ಎಳೆದು, ಸುತ್ತಿ, ಜಗಿದುಹಾಕುತ್ತದೆ. ಆಮೇಲೆ ಯಾವ ಅಧಿಕಾರಿ ಸಹಿ ಹಾಕಿದರೂ ಅವಳು ಮಾತಾಡುವುದಿಲ್ಲ.

ಮೊದಲು ಧ್ವನಿ ಮಂಕಾಯಿತು. ಕೊನೆಯ ಮಾತುಗಳಂತೂ ಗೋಡೆಯಾಚೆಯ ಗೊಣಗಾಟವಾದವು. ಆಮೇಲೆ ಮಾತು ಎಳೆಯತೊಡಗಿತು. “ಬಾ...ಗಿ...ಲು” ಎನ್ನುವಷ್ಟರಲ್ಲಿ ಕಾರು ಗೇಟು ದಾಟಿರುತ್ತಿತ್ತು.

“ಯಾಕ್ರೀ, ಅವರಿಗೆ ನೆಗಡಿಯಾ?” ಎಂದು ಸಾಹೇಬರು ಕಳವಳಗೊಂಡರು.

ನಿಧಾನಪ್ಪ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಧೂಳು, ಹೆಡ್ಡು, ಸ್ಪಿರಿಟ್ ಎಲ್ಲ ಹೇಳಿದ. “ಒಂದೇ ಒಂದು ಸಲ ತೆಗೆದು ಒರೆಸೋಕೆ ಬಿಡಿ ಸಾರ್. ಇಲ್ದಿದ್ರೆ ಉಳಿಯಲ್ಲ.”

ಸಾಹೇಬರು ಸೀಲು ಅಧಿಕಾರಿಯ ಕಡೆ ನೋಡಿದರು. ಅವರು ಗಂಭೀರರಾದರು. ಸಲಕರಣೆ ಸುಳ್ಳು ಅಳತೆ ತೋರಿಸುತ್ತಿದೆ ಎಂದು ಸಾಬೀತಾದರೆ ಮಾತ್ರ ಸೀಲು ತೆಗೆಯಬಹುದು. ಸುಳ್ಳೆಂದು ಸಾಬೀತು ಮಾಡಲು ಅಸಲಿನ ಜೊತೆ ಹೋಲಿಸಬೇಕು. ಕಚೇರಿಯ ಮಾನಕ ಕೊಠಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಸಲು ಕಿಲೋ ಇದೆ, ಅಸಲು ಮೀಟರ್ ಇದೆ. ಅಸಲು ಹೆಂಡತಿ ಇಲ್ಲ.

“ಅಸಲು ಧ್ವನಿ ಯಾರಿಗೆ ಗೊತ್ತು?” ಎಂದು ಇದಕ್ಕಾಗಿಯೇ ಕಚೇರಿಯಲ್ಲಿ ಕೂಡಿದ ಸಭೆ ಕೇಳಿತು.

“ಕಚೇರಿಯಲ್ಲಿ ಇವನಿಗೆ ಮಾತ್ರ” ಎಂದು ಸಭೆಯೇ ಉತ್ತರಿಸಿತು.

ಕೂಡಲೇ ನಿಧಾನಪ್ಪನನ್ನು ಮಾನಕವೆಂದು ಘೋಷಿಸಲಾಯಿತು. ಮಾನಕಗಳು ತೇವ ತಗಲದ ಜಾಗದಲ್ಲಿರಬೇಕಾದ್ದರಿಂದ ಅವನನ್ನು ಮಾನಕ ಕೊಠಡಿಗೆ ಕರೆದೊಯ್ದು ಕಿಲೋಗೂ ಮೀಟರಿಗೂ ನಡುವೆ ಕುರ್ಚಿ ಹಾಕಿ ಕೂರಿಸಿದರು. ಬರಿಗೈಯಲ್ಲಿ ಮುಟ್ಟಬಾರದೆಂಬ ನಿಯಮವಿದ್ದುದರಿಂದ ಗುಮಾಸ್ತರು ಮೃದುವಾದ ಬ್ರಷ್ಷಿನಿಂದ ಅವನ ಭುಜದ ಧೂಳು ಕೊಡವಿದರು. ಕಚಗುಳಿಯಾದರೂ ಅವನು ನಗಲಿಲ್ಲ. ಮಾನಕ ಅಲುಗಾಡಬಾರದು.

“ಹೇಳಿ, ಅಸಲಿಗೂ ಕಾರಿನ ಧ್ವನಿಗೂ ವ್ಯತ್ಯಾಸ ಎಷ್ಟು?” ಎಂದರು ಸೀಲು ಅಧಿಕಾರಿ.

ನಿಧಾನಪ್ಪ ಕಣ್ಣು ಮುಚ್ಚಿಕೊಂಡು ಎರಡೂ ಧ್ವನಿಗಳನ್ನು ನೆನೆದ.

“ಅವಳು ಯಾವತ್ತೂ ಇಷ್ಟು ನಿಧಾನಕ್ಕೆ ಬೈದೋಳಲ್ಲ ಸಾರ್.”

“ಸ್ಪಷ್ಟವಾಗಿ ಹೇಳಿ. ಒಂದು ಬೈಗುಳಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ತಗೋತಿದ್ರಾ?”

“ಇಲ್ಲ ಸಾರ್.”

“ಈಗ?”

“ಈಗ ತಗೋತಾಳೆ.”

“ಸುಳ್ಳು ಅಳತೆ!” ಎಂದು ಸಾಹೇಬರು ಮೇಜು ಗುದ್ದಿದರು. “ತೆಗೀರಿ ಸೀಲು.”

ಇಡೀ ಕಚೇರಿ ಶೆಡ್ಡಿಗೆ ಇಳಿಯಿತು, ಎಲ್ಲರಿಗೂ ಹೊರಸಂಚಾರ. ಗುಂಡಿಯ ಸೀಸ ಹಾಗೇ ಇತ್ತು, ಬಾಯಿಯ ಕಾಗದ ಮಾತ್ರ ಹರಿಯಿತು, ಕ್ಯಾಸೆಟ್ ಹೊರಗೆ ಬಂತು. ನಿಧಾನಪ್ಪ ಸಡಿಲಾದ ಟೇಪನ್ನು ಪೆನ್ಸಿಲ್ಲಿನಿಂದ ಸುತ್ತಿ ಬಿಗಿ ಮಾಡಿದ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಹೆಡ್ಡು ಒರೆಸಿದ. ಹತ್ತಿ ಕಪ್ಪಾಯಿತು. ಇನ್ನೊಂದು ತಗೊಂಡ, ಅದು ಕಂದು ಬಣ್ಣವಾಯಿತು. ಮೂರನೆಯದು ಬಿಳಿಯಾಗಿಯೇ ಉಳಿಯಿತು. ಒದ್ದೆ ಇರುವಾಗ ಹಾಕಿದರೆ ಟೇಪು ಅಂಟುತ್ತದೆಂದು ಎಲ್ಲರೂ ಸ್ಪಿರಿಟ್ ಆರುವವರೆಗೆ ಕಾದರು.

ಕ್ಯಾಸೆಟ್ ಅವನ ಅಂಗೈಯಲ್ಲಿತ್ತು. ಬೆರಳು ಮಡಿಸಿದರೆ ಜೇಬು, ಜೇಬಿನಿಂದ ಮನೆ.

“ಇದನ್ನ ನಾನು ತಗೊಂಡು ಹೋಗ್ಲಾ ಸಾರ್?”

ಸೀಲು ಅಧಿಕಾರಿ ನಿಯಮ ಹೇಳಲು ಬಾಯಿ ತೆರೆದರು. ಸಾಹೇಬರು ಕೈ ಎತ್ತಿ ತಡೆದರು.

“ನಿಮ್ಮದು. ತಗೊಂಡು ಹೋಗಿ. ಆದ್ರೆ...” ಅವರು ಕನ್ನಡಕ ಒರೆಸಿಕೊಂಡರು. “ಊಟ ಮಾಡಿ ಅಂತ ನಮಗೆ ಯಾರು ಹೇಳ್ತಾರೆ?”

ನಿಧಾನಪ್ಪ ಅವರನ್ನು ನೋಡಿದ. ಗುಮಾಸ್ತರನ್ನು ನೋಡಿದ. ಮಗಳಿಗೊಂದು ಕಾಪಿ ಮಾಡಿಕೊಡಲು ಅಪ್ಪಣೆ ಕೇಳಿದ. “ನಕಲಿಗೆ ಏಕಮಾನ ಬೇಕಿಲ್ಲ” ಎಂದು ಅದೂ ಸಿಕ್ಕಿತು. ಸಂಜೆಗೆ ಕಾಪಿ ಆಯಿತು. ಮೂಲವನ್ನು ಅವನೇ ತನ್ನ ಕೈಯಿಂದ ಸ್ಟೀರಿಯೋದ ಬಾಯಿಗಿಟ್ಟ. ಅಳತೆ ಸರಿಯಿದೆಯೆಂದು ಹೊಸ ಕಾಗದ ಬಿತ್ತು.

ಈಗ ಧ್ವನಿ ಅರಳು ಹುರಿದಂತೆ. ಮಂಕಾಗಿದ್ದ ಕೊನೆಯ ಮಾತೂ ಎಲ್ಲರಿಗೂ ಕೇಳಿತು: “ಸಾಕು, ಇನ್ನು ಆಫ್ ಮಾಡಿ. ನಿಂತ ಗಾಡೀಲಿ ಹೀಗೇ ಕೇಳ್ತಾ ಕೂತ್ರೆ ಬ್ಯಾಟರಿ ಇಳಿದುಹೋಗುತ್ತೆ ಕಣ್ರೀ.”

ಗುಂಡಿಗೆ ಸೀಲಿದ್ದುದರಿಂದ ಸ್ಟೀರಿಯೋ ಆಫ್ ಮಾಡಲು ದಾರಿಯಿರಲಿಲ್ಲ. ಅಳತೆ ಸರಿಯಿದೆಯೆಂದು ಪ್ರಮಾಣೀಕರಿಸಿದ ಮಾತನ್ನು ಕಚೇರಿಯೇ ಮೀರುವಂತೆಯೂ ಇರಲಿಲ್ಲ. ಆದ್ದರಿಂದ ಸುತ್ತೋಲೆ ಹೊರಟಿತು: ಸದರಿ ಮಾತು ಕೇಳಿಬಂದೊಡನೆ, ವಾಹನ ಎಲ್ಲಿಯೇ ಇರಲಿ, ಅದನ್ನು ನಿಲ್ಲಿಸಿ ಬೀಗದ ಕೈ ಹಿಂದಕ್ಕೆ ತಿರುಗಿಸತಕ್ಕದ್ದು.

ಹೀಗಾಗಿ ಈಗ ದಿನಾ ಬೆಳಿಗ್ಗೆ ದೊಡ್ಡ ಚೌಕದ ನಟ್ಟನಡುವೆ ಆ ಕಾರು ನಿಲ್ಲುತ್ತದೆ. ಪೇದೆ ಬಂದು ನಾಲ್ಕೂ ಕಡೆಯ ವಾಹನಗಳಿಗೆ ಕೈ ಅಡ್ಡ ಹಿಡಿಯುತ್ತಾನೆ. ಬಸ್ಸಿನವರು ಎಂಜಿನ್ ನಿಲ್ಲಿಸಿ ಕಾಯುತ್ತಾರೆ. ಯಾರೂ ಹಾರ್ನ್ ಹಾಕುವುದಿಲ್ಲ.

“ಹೊರಡೋಣ್ವಾ ಸಾರ್?” ಎನ್ನುತ್ತಾನೆ ನಿಧಾನಪ್ಪ.

“ಇನ್ನೂ ಸ್ವಲ್ಪ ಹೊತ್ತು ಇರಲಿ ಕಣ್ರೀ” ಎನ್ನುತ್ತಾರೆ ದೊಡ್ಡ ಸಾಹೇಬರು. “ಬ್ಯಾಟರಿ ಸುಧಾರಿಸಿಕೊಳ್ಳಲಿ.”