ದೊಬ್ರಿಲಾಳ ಒಲೆಯ ಮೂಲ ಬಳಕೆದಾರಳು

ಸ್ತಾರೊ ಗುಮ್ನೊ ಗ್ರಾಮದ ವಿಧವೆ ದೊಬ್ರಿಲಾಳ ಹಿತ್ತಲಿನ ಮಣ್ಣಿನ ಒಲೆಗೆ ಅಕ್ಟೋಬರ್ ಮೂವತ್ತರ ಬೆಳಗ್ಗೆ ಹನ್ನೊಂದೂವರೆಗೆ ಅಧಿಕೃತವಾಗಿ ಆರು ಸಾವಿರದ ಏಳುನೂರು ವರ್ಷ ತುಂಬಿತು. ಅದೇ ದಿನ ಏಳು ಗಂಟೆಗೆ ಅದರಲ್ಲಿ ಎರಡು ರೊಟ್ಟಿ ಬೆಂದಿದ್ದವು. ಈ ಸಂಗತಿ ವರದಿಯಲ್ಲಿಲ್ಲ.

ವಯಸ್ಸನ್ನು ನಿರ್ಧರಿಸಿದವರು ಪ್ರಾಚೀನ ನೆಲೆಗಳ ಕಚೇರಿಯ ಡಾಕ್ಟರ್ ಗ್ರುಯಿತ್ಸಾ. ಡ್ಯಾನ್ಯೂಬ್ ದಂಡೆಯ ಈ ಊರು ನಿಂತಿರುವ ದಿಬ್ಬದ ಕೆಳಗೆ ನವಶಿಲಾಯುಗದ ಕೊನೆಗಾಲದ ಬೇಸಾಯಗಾರರ ಊರೊಂದು ಹೂತುಹೋಗಿದೆ ಎಂಬುದು ಇಲ್ಲಿನ ಕೋಳಿಗಳಿಗೂ ಗೊತ್ತು. ಅವು ಕೆದಕಿದಲ್ಲೆಲ್ಲ ಹಳೆಯ ಮಡಕೆಚೂರು ಏಳುತ್ತದೆ. ಡಾಕ್ಟರಿಗೆ ಮಾತ್ರ ಮೂರು ಬೇಸಿಗೆ ಅಗೆದರೂ ಸಿಕ್ಕಿದ್ದು ಅರ್ಧ ಕಲ್ಲುಕೊಡಲಿ ಮತ್ತು ಹಿಂದಿನ ತಂಡದವರು ಮರೆತುಹೋದ ಒಂದು ಸನಿಕೆ. 'ಸಾಧನೆ ತಿಳಿಸಿ, ಇಲ್ಲವೇ ಡೇರೆ ಕೀಳಿ' ಎಂದು ರಾಜಧಾನಿಯಿಂದ ಪತ್ರ ಬಂದಿತ್ತು. ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಅವರು ದೊಬ್ರಿಲಾಳ ಬೇಲಿಯ ಪಕ್ಕ ಹಾದುಹೋಗುತ್ತಿದ್ದರು. ಅವಳು ಒಲೆಯ ಒಡೆದ ಮೂಲೆಯೊಂದನ್ನು ಕೆತ್ತಿ ಸರಿಮಾಡುತ್ತಿದ್ದಳು.

ಈ ಊರಿನ ಹೆಂಗಸರು ವರ್ಷಕ್ಕೊಮ್ಮೆ ಒಲೆಯ ನೆಲಕ್ಕೆ ಮಡಕೆಚೂರು ಹಾಸಿ, ಮೇಲೆ ಹೊಟ್ಟು ಕಲಸಿದ ಮಣ್ಣು ಮೆತ್ತುತ್ತಾರೆ. ಚೂರು ಕಾವನ್ನು ಹಿಡಿದಿಡುತ್ತದೆ. ಅದಕ್ಕಾಗಿ ಯಾರೂ ಮನೆಯ ಮಡಕೆ ಒಡೆಯುವುದಿಲ್ಲ, ಹೊಲ ಉತ್ತರೆ ಬುಟ್ಟಿಗಟ್ಟಲೆ ಸಿಗುತ್ತದೆ. ಕೆತ್ತಿದ ಮೂಲೆಯಲ್ಲಿ ಡಾಕ್ಟರು ನಲವತ್ತೊಂದು ಪದರ ಎಣಿಸಿದರು.

"ನಲವತ್ತೊಂದು ತಲೆಮಾರು," ಅಂದರು. ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು.

"ನಲವತ್ತೊಂದು ವರ್ಷ ಡಾಕ್ಟ್ರೇ. ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೆ ಈ ಒಲೆ ಕಟ್ಟಿಕೊಟ್ರು. ಅವತ್ತಿಂದ ನಾನೇ ಮೆತ್ತಿಕೊಂಡು ಬಂದಿದೀನಿ."

"ಚಿಕ್ಕಮ್ಮ, ನಿಮ್ಮ ನೆನಪು ಆಧಾರ ಅಲ್ಲ. ಮಡಕೆಚೂರು ಆಧಾರ."

ಮಧ್ಯಾಹ್ನದ ಹೊತ್ತಿಗೆ ಒಲೆಯ ಸುತ್ತ ಹಗ್ಗ ಬಂತು, ಹಗ್ಗಕ್ಕೊಂದು ಫಲಕ ಬಂತು: 'ಸಾರ್ವಜನಿಕರ ಗಮನಕ್ಕೆ. ಇದು ಹದಿನಾಲ್ಕನೇ ಸಂಖ್ಯೆಯ ಸಂರಕ್ಷಿತ ಒಲೆ. ಮೂಲ ಬಳಕೆದಾರರ ಹೊರತು ಅನ್ಯರು ಇದರಲ್ಲಿ ಬೆಂಕಿ ಹಾಕುವುದು, ಬೇಯಿಸುವುದು ಹಾಗೂ ಬೇಯಿಸುವ ಉದ್ದೇಶದಿಂದ ಸುಳಿದಾಡುವುದು ಶಿಕ್ಷಾರ್ಹ.'

ದೊಬ್ರಿಲಾ ಫಲಕ ಓದಿ ಬೆರಳಲ್ಲಿ ದಿನ ಎಣಿಸಿದಳು. ಇನ್ನು ಒಂಬತ್ತು ದಿನಕ್ಕೆ ಸ್ಲಾವಾ, ಅಂದರೆ ಗಂಡನ ಮನೆತನವನ್ನು ಕಾಯುವ ಸಂತ ದಿಮಿತ್ರಿಯ ಹಬ್ಬ. ಮಕ್ಕಳಿಲ್ಲ, ಗಂಡ ಹೋಗಿ ಆರು ವರ್ಷ. ಆ ಮನೆತನದ್ದೆಂದು ಉಳಿದಿರುವುದು ಈ ಹಬ್ಬ ಒಂದೇ. ಮನೆಯ ಒಲೆಯಲ್ಲಿ ಬೆಂದ ರೊಟ್ಟಿಯನ್ನು ಪಾದ್ರಿ ಹರಸಿ ಕತ್ತರಿಸದಿದ್ದರೆ ಹಬ್ಬ ನಿಂತಂತೆ. ಅದು ತನ್ನ ಕೈಯಲ್ಲೇ ನಿಂತುಹೋಗುತ್ತದಲ್ಲ ಎಂದು ಅವಳಿಗೆ ಅಳು ಬಂತು.

"ನಮ್ಮನೇಲಿ ಕರೆಂಟ್ ಒಲೆ ಇದೆ, ಬೇಯಿಸ್ಕೊಂಡು ಹೋಗೇ," ಅಂದಳು ಪಕ್ಕದ ಮನೆಯ ಸ್ಮಿಲ್ಯಾ. "ನಿನ್ನ ಒಲೆ ಹೊಗೆ ನಿಂತ್ರೆ ನಾನು ಒಣಹಾಕಿದ ಬಟ್ಟೆಗಳೂ ಬೆಳ್ಳಗಿರ್ತವೆ."

"ನಿನ್ನ ಒಲೇಲಿ ಬೆಂದದ್ದನ್ನ ನಿನ್ನ ಸಂತನಿಗೇ ಕೊಡು," ಅಂದಳು ದೊಬ್ರಿಲಾ. ಆಮೇಲೆ ಕನ್ನಡಕ ಹಾಕಿಕೊಂಡು ಫಲಕವನ್ನು ಇನ್ನೊಮ್ಮೆ ಓದಿದಳು. "ಮೂಲ ಬಳಕೆದಾರರು ಅಂದ್ರೆ ಯಾರೇ? ನಾನೇ ತಾನೆ?"

ಅರ್ಜಿ ಹೋಯಿತು. ಮೂವರ ಸಮಿತಿ ಬಂತು. ಒಲೆಯ ಅತ್ಯಂತ ಕೆಳಗಿನ ಪದರದ ಮಣ್ಣಿನಲ್ಲಿ ಮೆತ್ತಿದವಳ ಹೆಬ್ಬೆರಳ ಗುರುತು ಸ್ಪಷ್ಟವಾಗಿತ್ತು. ಸಮಿತಿಯು ಭೂತಗನ್ನಡಿ ಹಿಡಿದು ಅದನ್ನು ದೊಬ್ರಿಲಾಳ ಹೆಬ್ಬೆರಳಿನೊಂದಿಗೆ ಹೋಲಿಸಿತು. ಗೆರೆಗೆ ಗೆರೆ ಕೂಡಿತು.

ಇದರಿಂದ ಎರಡು ತೀರ್ಮಾನಗಳು ಸಾಧ್ಯವಿದ್ದವು. ಒಲೆ ಹೊಸದು, ಇಲ್ಲವೇ ಹೆಂಗಸು ಹಳಬಳು. ಮೊದಲನೆಯದನ್ನು ಒಪ್ಪಿದರೆ ವರದಿಯನ್ನು ಹಿಂಪಡೆಯಬೇಕು, ಅಚ್ಚಾದ ಕರಪತ್ರಗಳನ್ನು ಸುಡಬೇಕು, ಒಲೆಯ ಪ್ರದರ್ಶನದ ಉದ್ಘಾಟನೆಗೆ ಒಪ್ಪಿರುವ ಮಂತ್ರಿಗಳಿಗೆ ಬರಬೇಡಿ ಎನ್ನಬೇಕು. ಎರಡನೆಯದಕ್ಕೆ ಒಂದು ಮೊಹರು ಸಾಕಾಗಿತ್ತು. ಸಮಿತಿಯು ಕೂಲಂಕಷ ಚರ್ಚೆಯ ನಂತರ, ಅಂದರೆ ಕಾಫಿ ಆರುವುದರೊಳಗೆ, ಮೊಹರು ಒತ್ತಿತು.

'ಶ್ರೀಮತಿ ದೊಬ್ರಿಲಾ ಅವರು ನವಶಿಲಾಯುಗದ ಕೊನೆಗಾಲದ ಕೃಷಿಕ ಮಹಿಳೆ ಎಂದು ಈ ಮೂಲಕ ದೃಢೀಕರಿಸಲಾಗಿದೆ. ವಯಸ್ಸು 6,700. ಸ್ಥಿತಿ: ತೃಪ್ತಿಕರ.'

"ಸುಕ್ಕು ನೋಡಿ ನಂಗೆ ಮೊದಲೇ ಅನುಮಾನ ಇತ್ತು," ಅಂದಳು ಸ್ಮಿಲ್ಯಾ.

ದೊಬ್ರಿಲಾಳಿಗೆ ವಯಸ್ಸಿನ ಚಿಂತೆಯಿರಲಿಲ್ಲ. ಹಬ್ಬದ ಹಿಂದಿನ ದಿನ ದ್ರಾಕ್ಷಿ ಬಳ್ಳಿಯ ಸೌದೆ ಉರಿಸಿ, ಕೆಂಡ ಎಳೆದು, ರೊಟ್ಟಿಯನ್ನು ಒಳಗೆ ತಳ್ಳಿದಳು. ಅದರ ಮೇಲಿನ ಹಿಟ್ಟಿನ ಜಡೆ, ಹಿಟ್ಟಿನ ಹಕ್ಕಿ, ನಡುವೆ ಶಿಲುಬೆ, ಎಲ್ಲವೂ ಹೊಂಬಣ್ಣಕ್ಕೆ ತಿರುಗಿ ಹೊರಬಂದಾಗ ಅವಳು ಖುಷಿಯಿಂದ ಒಲೆಯ ಬೆನ್ನು ತಟ್ಟಿದಳು.

ಮರುದಿನ ತೊಂಬತ್ತರ ಅಂಚಿನ ಪಾದ್ರಿ ಪ್ರೋಕೋಪಿಯೆ ಬಂದರು. ಮೇಣದಬತ್ತಿ ಹಚ್ಚಿಯಾಗಿತ್ತು, ವೈನು ಸಿದ್ಧವಿತ್ತು. ಗೋಡೆಯಲ್ಲಿ ಸಂತನ ಪಕ್ಕ ತೂಗುಹಾಕಿದ್ದ ದೃಢೀಕರಣ ಪತ್ರವನ್ನು ಪಾದ್ರಿ ನಿಧಾನವಾಗಿ ಓದಿ, ಬೆರಳು ಮಡಚಿ ಲೆಕ್ಕ ಹಾಕಿದರು.

"ತಾಯಿ, ಇದರ ಪ್ರಕಾರ ನೀನು ಕ್ರಿಸ್ತನಿಗಿಂತ ನಾಲ್ಕು ಸಾವಿರದ ಏಳುನೂರು ವರ್ಷ ಹಿಂದಿನವಳು."

"ಕಾಗದದಲ್ಲಿ ಹಾಗಿದೆ ಗುರುಗಳೇ. ನಂಗೆ ದೀಕ್ಷಾಸ್ನಾನ ಮಾಡಿಸಿದ್ದೇ ನೀವು. ಅತ್ತಿದ್ದೆನಂತೆ."

"ನೆನಪಿದೆ, ತುಂಬಾ ಅತ್ತಿದ್ದೆ. ಆದ್ರೆ ನನ್ನ ನೆನಪು ಆಧಾರ ಅಲ್ವಲ್ಲ, ಮೊಹರು ಇಲ್ಲಿದೆ. ಕ್ರಿಸ್ತನೇ ಹುಟ್ಟದ ಕಾಲದೋರಿಗೆ ಸಂತ ಎಲ್ಲಿಂದ ಬರ್ತಾನೆ? ಈ ರೊಟ್ಟೀನ ನಾನು ಹರಸೋ ಹಾಗಿಲ್ಲ."

"ಹಾಗಾದ್ರೆ ಈಗಲೇ ಇನ್ನೊಂದು ಸಲ ನೀರು ಹಾಕಿ."

ಪಾದ್ರಿ ಡಾಕ್ಟರ ಮುಖ ನೋಡಿದರು. ಅತಿಥಿಯಾಗಿ ಬಂದಿದ್ದ ಡಾಕ್ಟರು, ಬಡಿಸುವ ಮೊದಲೇ ಎತ್ತಿಕೊಂಡಿದ್ದ ಎಲೆಕೋಸಿನ ಸುರುಳಿಯನ್ನು ತಟ್ಟೆಯಲ್ಲಿಟ್ಟು ವಿಷಾದದಿಂದ ತಲೆಯಾಡಿಸಿದರು. ಉತ್ಖನನದಲ್ಲಿ ದೊರೆತದ್ದನ್ನು ರಾಜಧಾನಿಯ ಲಿಖಿತ ಅನುಮತಿಯಿಲ್ಲದೆ ತೋಯಿಸುವಂತಿಲ್ಲ. ಸದ್ಯಕ್ಕೆ ಮೃದುವಾದ ಕುಂಚದಿಂದ ಒರೆಸಬಹುದು.

"ಹಾಗಾದ್ರೆ ಆ ಕಾಗದ ಹರಿದುಹಾಕಿ."

"ಹರಿದ್ರೆ ನೀವು ಮೂಲ ಬಳಕೆದಾರರಲ್ಲ ಚಿಕ್ಕಮ್ಮ. ನಿನ್ನೆ ಬೆಂಕಿ ಹಾಕಿದ್ದಕ್ಕೆ ಜೈಲಾಗುತ್ತೆ."

ಇದು ನ್ಯಾಯವಾದ ಮಾತೆಂದು ನೆಂಟರೆಲ್ಲ ಒಪ್ಪಿದರು. ದೊಬ್ರಿಲಾ ಮೇಣದಬತ್ತಿಯನ್ನು ಊದಿ ಆರಿಸಿ, ಬಂದವರಿಗೆ ಬಡಿಸಲು ಎದ್ದಳು.

ಹರಸದ ರೊಟ್ಟಿಯನ್ನು ತಿನ್ನುವಂತಿರಲಿಲ್ಲ, ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಕಚೇರಿಯೇ ಅದನ್ನು ವಶಕ್ಕೆ ಪಡೆದು, ಈಗ ಗಾಜಿನ ಪೆಟ್ಟಿಗೆಯಲ್ಲಿಟ್ಟಿದೆ. ಉದ್ಘಾಟನೆಯ ದಿನ ಮಂತ್ರಿಗಳು ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಗಟ್ಟಿಯಾಗಿ ಓದಿದರು, ಪಾದ್ರಿಗಳೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು, ಹಗ್ಗದೊಳಗೆ ಮಣೆಯ ಮೇಲೆ ಕೂತಿದ್ದ ದೊಬ್ರಿಲಾಳೂ ತಟ್ಟಿದಳು. ಚೀಟಿಯಲ್ಲಿ ಹೀಗಿದೆ: 'ರೊಟ್ಟಿ. ನವಶಿಲಾಯುಗದ ಕೊನೆಗಾಲ. ಬಳಕೆ ತಿಳಿದುಬಂದಿಲ್ಲ, ಬಹುಶಃ ಧಾರ್ಮಿಕ.'